ಮದುವೆಗೊಂದು ಪರ್ಮಿಟ್

ನೀವು ನಂಬಲಿಕ್ಕಿಲ್ಲ, ಬೇಕಾದರೆ ಪಂಥ ಕಟ್ಟಿ! ಮದುವೆಗೂ ಪರ್ಮಿಟ್ ಕೇಳಿದ ಮನುಷ್ಯನೊಬ್ಬ ದೋಹಾದ ಮುಐದರ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಅವನು ಸಹಿ ಹಾಕಿದ ಪರ್ಮಿಟ್ ಇಲ್ಲದೆ ಯಾರೂ ಒಂದು ಬೋಲ್ಟನ್ನೂ ಬಿಚ್ಚುವಂತಿರಲಿಲ್ಲ. ರೂಮಿನಲ್ಲೂ ಅದೇ ಕತೆ. ನಾನು ಸ್ಟವ್ ಹಚ್ಚಿದರೆ ಸಾಕು, ಕನ್ನಡಕ ಹಣೆಗೇರಿಸಿ, "ಪರ್ಮಿಟ್ ಉಂಟಾ?" ಎನ್ನುತ್ತಿದ್ದ. ಇಡೀ ದೋಹಾವನ್ನೇ ಮಂಗ ಮಾಡಿದ ನಾನು ಅವನ ಹೆಲ್ಮೆಟ್ಟಿನೊಳಗೆ ಮೊಟ್ಟೆ ಒಡೆದಿಟ್ಟಾಗಲೂ ಅವನು ಕೇಳಿದ್ದು ಅದನ್ನೇ.

ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ ನರ್ಸೊಬ್ಬಳು ಅವನನ್ನು ಒಪ್ಪಿದಳು. ಮದುವೆಗೆ ಮೊದಲು ಕರಾರು ಆಗಬೇಕೆಂದು ತಾನೇ ಬರೆದ. ದೋಹಾದಲ್ಲೇ ಇದ್ದ ಕಾಸರಗೋಡಿನ ವಕೀಲರೊಬ್ಬರ ಹತ್ತಿರ ಮೂವರೂ ಹೋದೆವು.

"ಚಿನ್ನ ಯಾರದ್ದು, ಮನೆ ಯಾರದ್ದು ಅಂತ ಬೇಕಾದ್ರೆ ಬರೀರಿ ಮಾರಾಯ್ರೆ," ಎಂದ ವಕೀಲರು ಒಂದು ಸಾಲನ್ನು ಹೊಡೆದುಹಾಕಿದರು. "ಎಂದೂ ಬಿಟ್ಟು ಹೋಗಬಾರದು ಅಂತ ಬರೆದ್ರೆ ಯಾವ ಕೋರ್ಟೂ ಒಪ್ಪುದಿಲ್ಲ."

"ನನಗೆ ಬೇಕಾದ್ದು ಅದೊಂದೇ."

"ಅದೇ ಮಾಫಿ, ಅದೊಂದು ಮಾತ್ರ ಇಲ್ಲ."

"ಹಾಗಾದ್ರೆ ಮದುವೆಯೂ ಖಲಾಸ್," ಎಂದು ಅವನು ಎದ್ದು ಬಾಗಿಲಿಗೆ ನಡೆದ.

"ಬರೆಯದಿದ್ರೂ ನಾನು ಇರ್ತಿದ್ದೆ," ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ತಿರುಗಿ ನೋಡಲಿಲ್ಲ.

ಆಮೇಲೆ ನಾನು ಬೇಕೆಂದೇ ಅವನೆದುರು ಸ್ಟವ್ ಹಚ್ಚಿ ಕಾಯುತ್ತಿದ್ದೆ. ಅವನು ಪರ್ಮಿಟ್ ಕೇಳಲೇ ಇಲ್ಲ.

ಮೊಟ್ಟೆ ನಿಜ, ವಕೀಲರೂ ನಿಜ. ನಾನು ಕಟ್ಟಿ ಹೇಳಿದ್ದು ಒಂದೇ: ಅವಳು ಮೆಲ್ಲಗೆ ಹೇಳಲಿಲ್ಲ. ಬಾಗಿಲಲ್ಲಿದ್ದ ಅವನಿಗೆ ಕೇಳುವಷ್ಟು ಜೋರಾಗಿಯೇ ಹೇಳಿದ್ದಳು.