ನಾನು ಅಡ್ಜಸ್ಟ್ ಮಾಡಿಕೊಳ್ಳದ ದಿನ

ಕಸ ಹೊಡೆದೆ, ನೀರು ತುಂಬಿದೆ, ಹದಿನೆಂಟು ರೊಟ್ಟಿ ಬಡಿದೆ, ಮಡಕಿಕಾಳು ನೆನೆ ಹಾಕಿದೆ, ಇಂಡಿಯಲ್ಲಿರುವ ಬಸುರಿ ಮಗಳಿಗೆ ಫೋನ್ ಮಾಡಿದೆ, ಅವಳ ಕೂಸಿಗೆಂದು ಹಾಕಿದ ಕೌದಿಗೆ ಎರಡು ಸಾಲು ದಾರ ಎಳೆದೆ. ಮಧ್ಯಾಹ್ನ ಸಿಂದಗಿ ಪೇಟೆಗೆ ಹೋಗಿ ಕನ್ನಡಕ ಸರಿ ಮಾಡಿಸಿಕೊಂಡು ಬಂದೆ.

ಬರುವಷ್ಟರಲ್ಲಿ ನನ್ನ ಕೋಣೆಯಲ್ಲಿ ಹನ್ನೆರಡು ಗೊಬ್ಬರದ ಚೀಲ. ಮುದ್ದೇಬಿಹಾಳದಲ್ಲಿ ಅಂಗಡಿ ಇಟ್ಟಿರುವ ಮೈದುನ, ಗೋದಾಮು ಸೋರುತ್ತದೆಂದು ತಂದು ಒಟ್ಟಿದ್ದ. ನೆಲದ ಮೇಲೆ ಹಾಸಿದ್ದ ಕೌದಿಯನ್ನು ಮಡಚಿ ಚೀಲದ ಕೆಳಗೆ ತುರುಕಿದ್ದ. ಕೌದಿ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿಯ ತುಣುಕಿಟ್ಟು ಹೊಲಿಯುತ್ತೇವೆ. ಅಲ್ಲಿಯವರೆಗೆ ಅದನ್ನು ಯಾರೂ ಮಡಚುವುದಿಲ್ಲ.

"ಇದನ್ನ ಮಡಚಿದವ್ರು ಯಾರು?"

"ನಾನಽ ವೈನಿ. ಹಳೇ ಸೀರಿ ಗಂಟು ಅನ್ಕೊಂಡೆ. ಒಂದ್ ತಿಂಗಳು ಅಡ್ಜಸ್ಟ್ ಮಾಡ್ಕೋರಿ."

ಪಡಸಾಲೆಯ ಮಂಚದಿಂದ ಗಂಡ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದರು: "ಅಡ್ಜಸ್ಟ್ ಮಾಡ್ಕೋ ಬಿಡು. ಇಲ್ಲೇ ಕುಂತು ಹೊಲದ್ರಾತು."

ಈ ಮಾತು ನನಗೆ ಹೊಸದಲ್ಲ. ಬಸ್ಸಿನಲ್ಲಿ ಅಡ್ಜಸ್ಟ್ ಅಂದರೆ ಮೂವರೂ ಗೇಣು ಗೇಣು ಸರಿಯುತ್ತಾರೆ. ಕನ್ನಡಕದವನು ಕಡ್ಡಿ ಬಗ್ಗಿಸಿ, "ಈಗ ಹೆಂಗೈತ್ರಿ?" ಎಂದು ಕೇಳಿ ಮತ್ತೆ ಬಗ್ಗಿಸುತ್ತಾನೆ. ಬಾಗೇವಾಡಿಯ ತವರಿನಲ್ಲಿ ಮಂದಿ ಹೆಚ್ಚಾದರೆ ಅವ್ವ ಸಾರಿಗೆ ನೀರು ಬೆರೆಸಿ ಅಡ್ಜಸ್ಟ್ ಮಾಡುತ್ತಿದ್ದಳು. ಎಲ್ಲರ ತಾಟಿಗೂ ಅದೇ ತೆಳು ಸಾರು. ಈ ಮನೆಯಲ್ಲಿ ಮಾತ್ರ ಅದರ ಅರ್ಥ ಒಂದೇ: ನೀನು ಏಳು. ಎದ್ದಿದ್ದೇನೆ, ಇಪ್ಪತ್ತೆರಡು ವರ್ಷ. ಮಾವನವರು ತೀರಿದ ಮೇಲೆ ಸಿಕ್ಕ ಈ ಕೋಣೆಯೊಂದೇ ನನ್ನದು.

"ಮಾಡ್ಕೊಳ್ಳಂಗಿಲ್ಲ" ಎಂದೆ.

"ಯಪ್ಪಾ, ವೈನಿ ಗರಂ ಆದ್ರು!" ಮೈದುನ ನಕ್ಕ.

ಮೊದಲ ಚೀಲವನ್ನು ಕಿವಿ ಹಿಡಿದು ಎಳೆದು ಗಂಡನ ಮಂಚದ ಮೇಲೆ ಕೆಡವಿದೆ. ಎರಡನೆಯದು. ಮೂರನೆಯದಕ್ಕೆ ಅವರು ಕಾಲು ಎಳೆದುಕೊಂಡರು. ನಾಲ್ಕನೆಯದಕ್ಕೆ ಎದ್ದು ನಿಂತರು.

"ನಾ ಎಲ್ಲಿ ಮಲಗ್ಲಿ?"

"ನಿಮ್ ತಮ್ಮನ್ನ ಕೇಳ್ರಿ. ಇನ್ನೂ ಎಂಟು ಚೀಲ ಅದಾವ."

ಮೈದುನನ ನಗು ನಿಂತಿತು. "ಹೆಂಗಸ್ರಿಗೆ ಇಷ್ಟು ಸೊಕ್ಕು ಇರಬಾರ್ದು" ಎನ್ನುತ್ತಲೇ ಟೆಂಪೋದವನಿಗೆ ಫೋನ್ ಹಚ್ಚಿದ. ದೀಪ ಹಚ್ಚುವ ಹೊತ್ತಿಗೆ ಚೀಲಗಳು ಹೋದವು. ಗಂಡ ತಾವೇ ಹೊರಬೇಕಾಯಿತು. ಕೌದಿ ಬಿಚ್ಚಿ ಹಾಸಿದೆ. ಗೊಬ್ಬರದ ವಾಸನೆ ಹೋಗಿರಲಿಲ್ಲ.

ಊಟಕ್ಕೆ ರೊಟ್ಟಿ, ಮಡಕಿಕಾಳಿನ ಪಲ್ಯೆ, ಶೇಂಗಾ ಹಿಂಡಿ. ಮೈದುನ ಉಣ್ಣದೆ ಹೋದ. ಗಂಡ ಒಂದೂವರೆ ರೊಟ್ಟಿ ತಿಂದು ಕೈ ತೊಳೆದರು. ನಾನು ಮೂರು ತಿಂದೆ. ಮೊದಲು ಮಲಗಿದ್ದು ನಾನೇ, ಕೋಣೆಯ ಅಗಳಿ ಹಾಕಿಕೊಂಡು.