ಗೇಟು ತಪ್ಪಿಸಿದ ದಾರಿ

ಇದನ್ನು ಹಲವು ಸಲ ಹೇಳಿದ್ದೇನೆ, ಪ್ರತಿ ಸಲವೂ ಹಿಂದಿನದಕ್ಕಿಂತ ಚೆನ್ನಾಗಿ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಪುಷ್ಯಮಾಸದ ಬೆಳಿಗ್ಗೆ. ಹೆಬ್ಬೆ ಜಲಪಾತದ ಹತ್ತಿರದ ಕಾಡಿನಲ್ಲಿ ನಾನು ಮತ್ತು ಅಜ್ಜಂಪುರದ ಭಾವ, ಅಕ್ಕನ ಗಂಡ. ದಟ್ಟ ಮಂಜಿತ್ತು ಎನ್ನುತ್ತಾ ಬಂದಿದ್ದೇನೆ. ನಿಜವಾಗಿ ದಾರಿ ಕಾಣುತ್ತಿತ್ತು. ಅರಣ್ಯ ಇಲಾಖೆಯ ಗೇಟಿನಲ್ಲಿ ಅನುಮತಿ ಕೇಳದೆ ಕಾಫಿ ತೋಟದ ಹಿಂದಿನಿಂದ ನುಗ್ಗೋಣ ಎಂದವನು ನಾನು, ಸರ್ಕಾರಿ ಶಾಲೆಯ ಮೇಷ್ಟ್ರು.

ಹನ್ನೊಂದರ ಹೊತ್ತಿಗೆ ಭಾವ ಹಳ್ಳದ ಬಂಡೆಯ ಮೇಲೆ ಜಾರಿದರು. ಪಾದದ ಗಂಟು ಮುರಿದು ರಕ್ತ ಸುರಿಯಿತು. ನನ್ನ ಟವೆಲನ್ನು ಅದರ ಮೇಲ್ಭಾಗಕ್ಕೆ ಬಲವನ್ನೆಲ್ಲ ಹಾಕಿ ಬಿಗಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ತೋಟದ ನೀರಿನ ಪೈಪು ಸರಿಮಾಡಲು ಬಂದಿದ್ದ ಇಬ್ಬರು ಆಳುಗಳು ನನ್ನ ಕೂಗು ಕೇಳಿ ಬಂದರು. ಹೊದ್ದಿದ್ದ ಕಂಬಳಿಯನ್ನು ಗಳಕ್ಕೆ ಕಟ್ಟಿ ಜೋಲಿ ಮಾಡಿದರು. ಗೇಟಿಗೆ ಅರ್ಧ ಗಂಟೆ, ಅಲ್ಲಿ ಜೀಪಿರುತ್ತದೆ ಎಂದರು ಇಬ್ಬರಲ್ಲಿ ಹಿರಿಯರು. ಆ ದಾರಿ ತುಂಬಾ ಕಡಿದು ಎಂದೆ ನಾನು. ಕೇಸಾದರೆ ನೌಕರಿಗೆ ಕುತ್ತು ಎನ್ನಲಿಲ್ಲ. ಸುತ್ತು ದಾರಿಯಲ್ಲಿ, ನನ್ನ ಕಾರಿನವರೆಗೆ, ಎರಡು ಗಂಟೆ ಹೊತ್ತರು.

"ಕಾಲು ಜೋಮು ಹಿಡಿದೈತೆ ಕಣೋ," ಎಂದರು ಭಾವ ಜೋಲಿಯೊಳಗಿಂದ.

"ಚಳಿಗೆ ಹಂಗಾಗುತ್ತೆ ಭಾವ."

"ಸರಿ ಬಿಡು. ಮೇಷ್ಟ್ರು ನೀನು, ಗೊತ್ತಿರ್ತದೆ."

ಹೊತ್ತವರು ನಕ್ಕರು. ನಾನೂ ನಕ್ಕೆ.

ಹಿರಿಯರು ಕಾರಿನಲ್ಲಿ ಜೊತೆಗೆ ಬಂದರು, ಭಾವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು. ರಸ್ತೆ ಪಕ್ಕದ ಮೋರಿಯಲ್ಲಿ ಈಗ ತಾನೇ ಬಿದ್ದೆ ಅನ್ನಿ ಎಂದು ದಾರಿಯಲ್ಲಿ ಭಾವನಿಗೆ ಹೇಳಿಕೊಟ್ಟೆ. ತರೀಕೆರೆಯ ನರ್ಸಿಂಗ್ ಹೋಮಿನಲ್ಲಿ ಅವರು ಹಾಗೇ ಹೇಳಿದರು. ಕಟ್ಟಿ ಎಷ್ಟು ಹೊತ್ತಾಯಿತು ಎಂದು ಡಾಕ್ಟರಮ್ಮ ಕೇಳಿದ್ದು ನನ್ನನ್ನು. ಅರ್ಧ ಗಂಟೆ ಎಂದೆ. ಟವೆಲ್ ಬಿಚ್ಚಿ ಎಕ್ಸ್‌ರೇಗೆ ಕಾಯಿಸಿ ಎಂದು ನರ್ಸಿಗೆ ಹೇಳಿ ಅವರು ಮುಂದಿನ ರೋಗಿಯತ್ತ ಹೊರಟರು. ಭಾವನ ಕಾಲ್ಬೆರಳುಗಳು ನೀಲಿಗಟ್ಟಿದ್ದವು. ನಾನು ನೋಡಿದ್ದೆ.

ಬಾಗಿಲಲ್ಲಿ ನಿಂತಿದ್ದ ಹಿರಿಯರು ಹೇಳಿದರು: "ಹನ್ನೊಂದು ಗಂಟೆಗೆ ಬಿದ್ದದ್ದು ಕಣವ್ವಾ. ಕಾಡಲ್ಲಿ. ಆವಾಗ್ಲಿಂದ ಕಟ್ಟೈತೆ."

ಆಗ ಎರಡು ಗಂಟೆ. ಡಾಕ್ಟರಮ್ಮ ತಿರುಗಿ ಬಂದು ಪಾದ ಮುಟ್ಟಿ ನೋಡಿದರು, ಮತ್ತೇನೂ ಕೇಳದೆ ಆಂಬುಲೆನ್ಸ್ ಕರೆಸಿ ಶಿವಮೊಗ್ಗಕ್ಕೆ ಕಳಿಸಿದರು. ಕಾಲು ಉಳಿಯಿತು; ಎರಡು ಬೆರಳು ಹೋದವು. ಕೇಸೂ ಆಗಲಿಲ್ಲ.

ಹಿರಿಯರ ಆ ಮಾತು ಕಿವಿಗೆ ಬಿದ್ದಾಗ ನನಗೆ ಬಂದದ್ದು ಸಿಟ್ಟು. ಇದೊಂದು ಮಾತ್ರ ಖಚಿತವಾಗಿ ನೆನಪಿದೆ. ಆ ಹಿರಿಯರ ಮುಖ ನೆನಪಿಲ್ಲ, ಅವರು ಹೇಗೆ ವಾಪಸು ಹೋದರೋ ಗೊತ್ತಿಲ್ಲ. ಅಕ್ಕನಿಗೆ ಮೊದಲ ಸಲ ಹೇಳುವಾಗಲೇ ಅವರ ಮಾತನ್ನು ನನ್ನ ಬಾಯಿಗೆ ಹಾಕಿಕೊಂಡೆ.

ಹಬ್ಬಕ್ಕೆ ಯಾರೇ ಬಂದರೂ ಅಕ್ಕ ಹೇಳುತ್ತಾಳೆ, "ನನ್ ತಮ್ಮ ನಿಜ ಹೇಳ್ದಿದ್ರೆ ಇವ್ರ ಕಾಲೇ ಹೋಗ್ತಿತ್ತು ಕಣ್ರೀ."

ಭಾವ ಪಕ್ಕದಲ್ಲೇ ಕುಳಿತಿರುತ್ತಾರೆ. "ಅವನಿಗೆ ಇನ್ನೊಂದು ಒಬ್ಬಟ್ಟು ಹಾಕೇ," ಎನ್ನುತ್ತಾರೆ. ನಾನು ತಿನ್ನುತ್ತೇನೆ.