ಭಾವನ ಮುಂದಿಟ್ಟ ನಾಲ್ಕು ಚೀಟಿ

ನೌಕರಿ ಪರೀಕ್ಷೆಯ ತರ್ಕದ ಪೇಪರಿನಲ್ಲಿ ನಾನು ಫೇಲಾದಾಗ ಶಹಾಬಾದಿನ ಮನೆಯಲ್ಲಿ ಎಲ್ಲರೆದುರು ನಕ್ಕವರು ನನ್ನ ಗಂಡನ ಅಣ್ಣ. "ನಿನ್ನ ತಲಿ ರೊಟ್ಟಿ ಬಡೀಲಿಕ್ಕಷ್ಟೇ ಲಾಯಕ್" ಎಂದಿದ್ದರು. ಅದು ಎದೆಯಲ್ಲೇ ಕುದಿಯುತ್ತಿತ್ತು.

ಸಂಕ್ರಾಂತಿಗೆ ಎಲ್ಲರೂ ಸೇರಿದಾಗ ಅವರ ಮುಂದೆ ನಾಲ್ಕು ಚೀಟಿ ಇಟ್ಟೆ. ಪ್ರತಿಯೊಂದಕ್ಕೂ ಒಂದು ಬದಿ ಬಣ್ಣ, ಇನ್ನೊಂದು ಬದಿ ಅಂಕಿ. ಮೇಲೆ ಕಾಣುತ್ತಿದ್ದದ್ದು ಕೆಂಪು, ನೀಲಿ, ನಾಲ್ಕು, ಏಳು.

"ಒಂದ್ ಬದಿ ಕೆಂಪಿದ್ರ ಇನ್ನೊಂದ್ ಬದಿ ಸಮಸಂಖ್ಯೆ ಇರ್ತದಂತೀನಿ. ಖರೇನೋ ಸುಳ್ಳೋ ನೋಡ್ಲಿಕ್ಕ ಯಾವ್ಯಾವ ಚೀಟಿ ತಿರುವ್ತೀರಿ, ಭಾವಾರ?"

ಅವರು ಕೆಂಪನ್ನೂ ನಾಲ್ಕನ್ನೂ ತಿರುವಿದರು. ಕೆಂಪಿನ ಹಿಂದೆ ಎಂಟಿತ್ತು, ನಾಲ್ಕರ ಹಿಂದೆ ಕೆಂಪಿತ್ತು. "ಖರೇ ಅದ" ಎಂದರು.

ನಾನು ಬೇಕೆಂದೇ ನಿಧಾನವಾಗಿ ಏಳನ್ನು ತಿರುವಿದೆ. ಅದರ ಹಿಂದೆಯೂ ಕೆಂಪು. "ಸುಳ್ಳು ಇಲ್ಲಿತ್ರಿ, ಕೆಂಪಿನ ಹಿಂದ ಬೆಸಸಂಖ್ಯೆ. ನಾಲ್ಕರ ಹಿಂದ ಯಾವ ಬಣ್ಣ ಇದ್ರೂ ನಡೀತಿತ್ತು, ನೀಲಿಗೆ ಸಮಸಂಖ್ಯೆ ಇರಬಾರದು ಅಂತ ನಾ ಅಂದೇ ಇಲ್ಲ" ಎಂದೆ.

ಭಾವನ ಮುಖ ಕಪ್ಪಿಟ್ಟಿತು. ನನಗೆ ಅಯ್ಯೋ ಅನ್ನಿಸಲೇ ಇಲ್ಲ.